ಸಿಹಿನೀರೆಲ್ಲ ಶುದ್ಧ ನೀರಲ್ಲ

ಕೃಷ್ಣೆಗೂ ಭೀಮೆಗೂ ನಡುವೆ ಹಬ್ಬಿರುವ ಎರೆಯ ನಾಡಿನಲ್ಲಿ ನೀರಿಗೆ ಎರಡೇ ಜಾತಿ: ಒಂದು ಸಿಹಿನೀರು, ಇನ್ನೊಂದು ಸವಳು ನೀರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಹೊಸ ಬಾವಿ ತೋಡಿಸಿದವನನ್ನು ಜನರು ಮೊದಲು ಕೇಳುವ ಪ್ರಶ್ನೆ 'ನೀರು ಬಿದ್ದಾವೇನು?' ಎಂಬುದಾದರೆ, ಅದರ ಬೆನ್ನಿಗೇ ಬರುವ ಪ್ರಶ್ನೆ 'ಸಿಹಿಯೋ ಸವಳೋ?' ಎಂಬುದು. ಉತ್ತರವನ್ನು ಕೊಡುವ ಅಧಿಕಾರ ತಲೆತಲಾಂತರದಿಂದಲೂ ನಾಲಗೆಯದು. ನಾಲಗೆ ಒಪ್ಪಿದ ನೀರು ಕುಡಿಯುವುದಕ್ಕೆ, ಒಪ್ಪದ ನೀರು ದನಕ್ಕೂ ಬಟ್ಟೆಗೂ. ಈ ನ್ಯಾಯಾಧೀಶನ ತೀರ್ಪನ್ನು ಎಷ್ಟರ ಮಟ್ಟಿಗೆ ನಂಬಬಹುದು? ನಂಬಿ ಕೆಟ್ಟರೆ ಕೆಡುವವರು ಯಾರು? ಈ ಪ್ರಶ್ನೆಗಳನ್ನು ಇಲ್ಲಿ ವಿಚಾರಮಾಡೋಣ.

ಸವಳು ಎಲ್ಲಿಂದ ಬಂತು?

ಮಳೆಯ ನೀರಿನಲ್ಲಿ ಲವಣಗಳು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಇರುವ ಇಂಗಾಲದ ಡೈಆಕ್ಸೈಡು ಅದರಲ್ಲಿ ಕರಗಿ, ಅತಿ ದುರ್ಬಲವಾದ ಆಮ್ಲವೊಂದು ಉಂಟಾಗುವುದು. ಈ ಆಮ್ಲವು ಮೆಲ್ಲಮೆಲ್ಲನೆ ಬಂಡೆಯನ್ನು ಸವೆಸುತ್ತದೆ. ಇಂಡಿ, ಸಿಂದಗಿಗಳ ನೆಲದಡಿಯಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಕಪ್ಪು ಶಿಲೆ, ಬಸಾಲ್ಟ್. ಅದು ಸವೆದಾಗ ಕ್ಯಾಲ್ಸಿಯಮ್, ಮೆಗ್ನೀಸಿಯಮ್, ಸೋಡಿಯಮ್ ಲವಣಗಳು ನೀರಿಗೆ ಸೇರುತ್ತವೆ. ಉಳಿದ ಅಂಶವೇ ಎರೆಮಣ್ಣು. ಮುದ್ದೇಬಿಹಾಳದ ಕಡೆಗೆ ಬಂದಂತೆ ಈ ಕಪ್ಪು ಹೊದಿಕೆ ತೆಳುವಾಗಿ, ಅದಕ್ಕಿಂತ ಬಹು ಪುರಾತನವಾದ ಗ್ರಾನೈಟ್ ಜಾತಿಯ ಶಿಲೆಯೂ, ತಾಳಿಕೋಟೆಯ ಸುತ್ತ ಸುಣ್ಣದ ಕಲ್ಲೂ ತಲೆದೋರುತ್ತವೆ.

ಈ ನಾಡಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರಿನಷ್ಟು ಮಾತ್ರ. ಎರೆಮಣ್ಣು ನೀರನ್ನು ಸುಲಭವಾಗಿ ಕೆಳಕ್ಕೆ ಬಿಡುವುದಿಲ್ಲ. ಬಿಸಿಲಿಗೆ ನೀರು ಆವಿಯಾಗಿ ಹೋಗುವುದು, ಲವಣ ಹಿಂದುಳಿಯುವುದು. ಡೋಣಿ ಹೊಳೆಯೇ ಇದಕ್ಕೆ ಸಾಕ್ಷಿ. ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ, ತಾಳಿಕೋಟೆಯ ಬಳಿ ಹಾಯ್ದು ಕೃಷ್ಣೆಯನ್ನು ಸೇರುವ ಈ ಹೊಳೆ ಬಯಲಿಗೆ ಫಲವತ್ತಾದ ಮಣ್ಣನ್ನು ಕೊಟ್ಟಿತು. ದಡದ ಜನರ ಬಾಯಿಗೆ ಮಾತ್ರ ಉಪ್ಪು ನೀರನ್ನೇ ಕೊಟ್ಟಿತು.

ಭಾರತೀಯ ಮಾನಕ ಸಂಸ್ಥೆಯು 2012ರಲ್ಲಿ ಪರಿಷ್ಕರಿಸಿದ ನಿಯಮದಂತೆ, ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಕರಗಿದ ಒಟ್ಟು ಲವಣ 500 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು. ಬೇರೆ ಆಸರೆಯೇ ಇಲ್ಲದ ಕಡೆ 2000 ಮಿಲಿಗ್ರಾಂವರೆಗೆ ಸಹಿಸಬಹುದು. ಗಡಸುತನಕ್ಕೆ ಈ ಮಿತಿಗಳು 200 ಮತ್ತು 600. ಗಡಸು ನೀರಿನಲ್ಲಿ ಸಾಬೂನು ನೊರೆಗೊಡದು, ಬೇಳೆ ಬೇಗನೆ ಬೇಯದು, ಹಂಡೆಯ ಒಳಮೈಗೆ ಬಿಳಿಯ ಹಕ್ಕಳೆ ಕಟ್ಟುವುದು. ಇವು ತೊಂದರೆಗಳೇ ಹೊರತು ವಿಷವಲ್ಲ. ಮೇಲಾಗಿ, ಸವಳು ನೀರು ತನ್ನ ದೋಷವನ್ನು ತಾನೇ ಹೇಳಿಕೊಳ್ಳುತ್ತದೆ. ನಾವು ಭಯಪಡಬೇಕಾದದ್ದು ದೋಷವನ್ನು ಮುಚ್ಚಿಟ್ಟುಕೊಂಡಿರುವ ನೀರಿಗೆ.

ನಾಲಗೆಗೆ ಸಿಕ್ಕದ ಲವಣಗಳು

ಇಂಥವುಗಳಲ್ಲಿ ಮೊದಲನೆಯದು ಫ್ಲೋರೈಡ್. ಗ್ರಾನೈಟಿನಂತಹ ಶಿಲೆಗಳ ಕೆಲವು ಖನಿಜಗಳಿಂದ ಇದು ನೀರಿಗೆ ಇಳಿಯುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇದರ ಸ್ವೀಕಾರ್ಯ ಮಿತಿ, 1.5 ಮಿಲಿಗ್ರಾಂ ಕೊನೆಯ ಮಿತಿ. ಹಲ್ಲಿನ ಕವಚ ರೂಪುಗೊಳ್ಳುವ ಎಳವೆಯಲ್ಲಿ ಇದಕ್ಕಿಂತ ಹೆಚ್ಚಾದ ಫ್ಲೋರೈಡ್ ಹೊಟ್ಟೆಗೆ ಹೋದರೆ ಹಲ್ಲಿನ ಮೇಲೆ ಬಿಳಿಯ ಅಥವಾ ಕಂದು ಕಲೆಗಳು ಮೂಡಿ ಜೀವಮಾನವಿಡೀ ಉಳಿಯುತ್ತವೆ. ಇನ್ನೂ ಹೆಚ್ಚಿನ ಪ್ರಮಾಣವು ವರ್ಷಗಟ್ಟಲೆ ಸೇರಿದರೆ ಮೂಳೆ ಕೀಲುಗಳು ಬಿರುಸಾಗಿ ಬೆನ್ನು ಬಾಗುವುದು. ಭಾರತದಲ್ಲಿ ಈ ರೋಗವನ್ನು ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ 1937ರಲ್ಲಿ ಗುರುತಿಸಲಾಯಿತು. ವಿಜಯಪುರ ಜಿಲ್ಲೆಯ ಕೆಲವು ಭಾಗಗಳ ಅಂತರ್ಜಲದಲ್ಲಿಯೂ ಮಿತಿಮೀರಿದ ಫ್ಲೋರೈಡ್ ಕಂಡುಬಂದಿದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಕ್ಯಾಲ್ಸಿಯಮ್ ಮತ್ತು ಫ್ಲೋರೈಡ್ ಒಂದುಗೂಡಿದರೆ ನೀರಿನಲ್ಲಿ ಬಹು ಸ್ವಲ್ಪವೇ ಕರಗುವ ಲವಣವಾಗುವುದು. ಆದುದರಿಂದ ಕ್ಯಾಲ್ಸಿಯಮ್ ತುಂಬಿದ ಗಡಸು ನೀರು ಹೆಚ್ಚು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳಲಾರದು. ಜೇಡಿಯ ಕಣಗಳ ನಡುವೆ ಇಳಿಯುತ್ತ ತನ್ನ ಕ್ಯಾಲ್ಸಿಯಮನ್ನು ಅವುಗಳಿಗೆ ಕೊಟ್ಟು ಸೋಡಿಯಮನ್ನು ಪಡೆದ ನೀರಿಗೆ ಆ ಅಡ್ಡಿಯಿಲ್ಲ. ಅಂದರೆ ಸಾಬೂನಿಗೆ ಚೆನ್ನಾಗಿ ನೊರೆಗೊಡುವ, 'ಸಿಹಿ'ಯೆಂದು ಹೊಗಳಿಸಿಕೊಂಡ ಕೊಳವೆ ಬಾವಿಯಲ್ಲಿಯೇ ಫ್ಲೋರೈಡ್ ಹೆಚ್ಚಾಗಿರುವ ಸಂಭವವುಂಟು. ನಾಲಗೆ ಮೋಸಹೋಗುವುದು ಇಲ್ಲಿಯೇ.

ಎರಡನೆಯದು ನೈಟ್ರೇಟ್. ತಿಪ್ಪೆ, ಶೌಚದ ಗುಂಡಿ, ಹೊಲಕ್ಕೆ ಹಾಕಿದ ರಸಗೊಬ್ಬರ ಇವುಗಳಿಂದ ಇದು ಬಾವಿಗೆ ಇಳಿಯುತ್ತದೆ. ಮಿತಿ 45 ಮಿಲಿಗ್ರಾಂ. ಇದಕ್ಕೆ ಯಾವ ರಿಯಾಯಿತಿಯೂ ಇಲ್ಲ. ಹಸುಗೂಸಿನ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಇದು ಕುಗ್ಗಿಸುವುದರಿಂದ ಮಗುವಿನ ಮೈ ನೀಲಿಗಟ್ಟಬಹುದು. ಬಾವಿಯ ನೀರಿಗೂ ಈ ಕಾಯಿಲೆಗೂ ಇರುವ ನಂಟನ್ನು 1945ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ವೈದ್ಯ ಕಾಮ್ಲಿ ತೋರಿಸಿಕೊಟ್ಟನು.

ಮಾಪಕದ ಮಾತು, ಮಾರಾಟಗಾರನ ಆಟ

ಈಗ ಮನೆಮನೆಗೂ ಪೆನ್ನಿನಾಕಾರದ ಟಿ.ಡಿ.ಎಸ್. ಮಾಪಕ ಬಂದಿದೆ. ಅದು ನಿಜವಾಗಿ ಅಳೆಯುವುದು ಲವಣವನ್ನಲ್ಲ, ನೀರಿನ ವಿದ್ಯುದ್ವಾಹಕತೆಯನ್ನು. ಕರಗಿದ ಲವಣವು ಧನ ಮತ್ತು ಋಣ ಅಯಾನುಗಳಾಗಿ ಒಡೆದು ವಿದ್ಯುತ್ತನ್ನು ಸಾಗಿಸುತ್ತದೆ. ವಾಹಕತೆಯಿಂದ ಲವಣದ ಮೊತ್ತವನ್ನು ಉಪಕರಣವು ಅಂದಾಜು ಮಾಡುತ್ತದೆ. ಆ ಮೊತ್ತದಲ್ಲಿ ಯಾರ ಪಾಲು ಎಷ್ಟೆಂಬುದನ್ನು ಹೇಳುವ ಶಕ್ತಿ ಅದಕ್ಕಿಲ್ಲ. 400 ಮಿಲಿಗ್ರಾಂ ಲವಣವಿರುವ ನೀರಿನಲ್ಲಿ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೂ ಮಾಪಕವು 'ಉತ್ತಮ' ಎಂದೇ ತೋರಿಸೀತು. ರೋಗಾಣುಗಳಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ.

ನೀರು ಶುದ್ಧಿಯ ಯಂತ್ರವನ್ನು ಮಾರಲು ಬಂದವನು ಕೆಲವೊಮ್ಮೆ ಇನ್ನೊಂದು ಆಟವನ್ನು ತೋರಿಸುತ್ತಾನೆ. ಎರಡು ಲೋಟಗಳಲ್ಲಿ ನಳದ ನೀರನ್ನೂ ಯಂತ್ರದ ನೀರನ್ನೂ ಇಟ್ಟು, ಲೋಹದ ಕಡ್ಡಿಗಳನ್ನು ಅದ್ದಿ ವಿದ್ಯುತ್ತನ್ನು ಹಾಯಿಸುವನು. ನಳದ ನೀರು ಕಂದಾಗಿ ಹೊಲಸು ತೇಲುವುದು. ಯಂತ್ರದ ನೀರು ತಿಳಿಯಾಗಿಯೇ ಇರುವುದು. ಮನೆಯವರು ಹೆದರಿ ಹಣ ಎಣಿಸುವರು. ಆ ಕಂದು ಬಣ್ಣವು ನೀರಿನದಲ್ಲ, ಕಡ್ಡಿಯದು. ಧನಾಗ್ರದ ಕಬ್ಬಿಣವು ಕರಗಿ ತುಕ್ಕಿನಂಥ ಹೈಡ್ರಾಕ್ಸೈಡಾಗಿ ಹೊರಬೀಳುತ್ತದೆ. ಯಂತ್ರದ ನೀರಿನಲ್ಲಿ ಲವಣ ಕಡಿಮೆಯಿರುವುದರಿಂದ ವಿದ್ಯುತ್ತು ಸರಿಯಾಗಿ ಹರಿಯುವುದಿಲ್ಲ, ಕಬ್ಬಿಣವೂ ಕರಗುವುದಿಲ್ಲ. ಆ ಲೋಟಕ್ಕೆ ಚಿಟಿಕೆ ಅಡಿಗೆ ಉಪ್ಪು ಹಾಕಿದರೆ ಅದೂ ಕಂದಾಗುವುದು.

ಕದಡಿದ ನೀರು ತಿಳಿಯಾಗುವ ಬಗೆ

ಬಾವಿಯ ನೀರಿನ ಈ ಕಷ್ಟಗಳಿಂದಾಗಿ ಪಟ್ಟಣಗಳು ನದಿಗಳ ಕಡೆಗೆ ತಿರುಗಿದವು. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಶಂಕುಸ್ಥಾಪನೆ ಮಾಡಿದ ಆಲಮಟ್ಟಿಯ ಅಣೆಕಟ್ಟು, ಅದರ ಕೆಳಗಿನ ನಾರಾಯಣಪುರ ಜಲಾಶಯ, ಅಲ್ಲಿಂದ ಹೊರಟ ಕಾಲುವೆಗಳು, ಅವು ತುಂಬುವ ಕೆರೆಗಳು, ಉತ್ತರದಲ್ಲಿ ಭೀಮೆ ಇವು ಈ ಸೀಮೆಯ ಜೀವನಾಡಿಗಳಾಗಿವೆ. ನದಿಯ ನೀರಿನಲ್ಲಿ ಲವಣ ಕಡಿಮೆ. ಆದರೆ ಮಳೆಗಾಲದಲ್ಲಿ ಮಣ್ಣು ಹೆಚ್ಚು.

ತೇಲುವ ಕಣ ತಳ ಸೇರುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆಂದು ಸ್ಟೋಕ್ಸನ ನಿಯಮ ಹೇಳುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿರುವ ಮರಳಿನ ಕಣ ಸುಮಾರು 2 ನಿಮಿಷದಲ್ಲಿ ಒಂದು ಮೀಟರ್ ಇಳಿದರೆ, ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟಿರುವ ಜೇಡಿಯ ಕಣಕ್ಕೆ ಅಷ್ಟೇ ದೂರ ಇಳಿಯಲು ಸುಮಾರು 12 ದಿನ ಬೇಕು. ಎರೆಮಣ್ಣಿನ ಕಣಗಳ ಮೈಮೇಲೆ ಋಣ ವಿದ್ಯುದಾವೇಶವಿರುವುದರಿಂದ ಅವು ಒಂದನ್ನೊಂದು ವಿಕರ್ಷಿಸುತ್ತವೆ, ಕೂಡಿ ದಪ್ಪವಾಗುವುದಿಲ್ಲ. ಪಟಿಕದಿಂದ ಬರುವ, ಮೂರು ಧನ ಆವೇಶಗಳನ್ನು ಹೊತ್ತ ಅಲ್ಯುಮಿನಿಯಮ್ ಅಯಾನು ಈ ವಿರೋಧವನ್ನು ಶಮನಮಾಡುತ್ತದೆ. ಆಗ ಕಣಗಳು ಕೂಡಿ ಅರಳೆಯಂತೆ ಉಂಡೆಗಟ್ಟಿ ತಳ ಸೇರುತ್ತವೆ. ಉಳಿದುದನ್ನು ಮರಳಿನ ಸೋಸುಕವು ತಡೆಯುವುದು. ಇಷ್ಟಾದ ಮೇಲೆಯೇ ಕ್ಲೋರಿನ್ ಬೆರೆಸಬೇಕು. ಏಕೆಂದರೆ ಕದಡಿದ ನೀರಿನಲ್ಲಿ ರೋಗಾಣುಗಳು ಮಣ್ಣಿನ ಕಣಗಳ ಮರೆಯಲ್ಲಿ ಅಡಗಿ ಬದುಕಬಲ್ಲವು.

ಬರಿದಾದ ಕೊಳವೆಯ ಅಪಾಯ

ಶುದ್ಧೀಕರಣ ಘಟಕದಿಂದ ಹೊರಟ ನೀರು ಶುದ್ಧವಾಗಿದ್ದರೆ ಸಾಲದು, ಮನೆಯ ನಳದಲ್ಲಿಯೂ ಹಾಗೆಯೇ ಇರಬೇಕು. 15 ಮೀಟರ್ ಎತ್ತರದ ಮೇಲ್ತೊಟ್ಟಿಯಿಂದ ನೀರು ಇಳಿಯುತ್ತಿರುವಾಗ ಕೊಳವೆಯ ಒಳಗಿನ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು ಒಂದೂವರೆ ಪಟ್ಟಿನಷ್ಟು ಅಧಿಕ. ಆಗ ಕೊಳವೆಯಲ್ಲಿ ಬಿರುಕಿದ್ದರೆ ನೀರು ಹೊರಕ್ಕೆ ಸೋರುವುದೇ ಹೊರತು ಹೊಲಸು ಒಳಕ್ಕೆ ಬರಲಾರದು. ಸರಬರಾಜು ನಿಂತೊಡನೆ ಸ್ಥಿತಿ ತಿರುವುಮುರುವಾಗುವುದು. ತಗ್ಗಿನ ಮನೆಗಳ ಕಡೆಗೆ ನೀರು ಇಳಿದುಹೋದಂತೆ ಎತ್ತರದ ಭಾಗದ ಕೊಳವೆಯಲ್ಲಿ ಒತ್ತಡವು ಹೊರಗಿನದಕ್ಕಿಂತ ಕಡಿಮೆಯಾಗುವುದು. ಕೊಳವೆಯು ಚರಂಡಿಯ ಪಕ್ಕದಲ್ಲಿ ಹಾದಿದ್ದರೆ ಅದೇ ಬಿರುಕಿನಿಂದ ಹೊಲಸು ನೀರು ಒಳನುಗ್ಗುವುದು. ನಳಕ್ಕೆ ನೇರವಾಗಿ ಮೋಟರು ಹಚ್ಚಿ ಎಳೆಯುವವರು ಈ ಹೀರುವಿಕೆಯನ್ನು ಇನ್ನಷ್ಟು ಬಲಪಡಿಸುತ್ತಾರೆ. ನೆರೆಯವರ ಪಾಲನ್ನು ಮಾತ್ರವಲ್ಲ, ಚರಂಡಿಯ ಪಾಲನ್ನೂ ತಮ್ಮ ತೊಟ್ಟಿಗೆ ತಂದುಕೊಳ್ಳುತ್ತಾರೆ. ನಾಲ್ಕು ದಿನಕ್ಕೊಮ್ಮೆ, ವಾರಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಈ ಅಪಾಯ ಪ್ರತಿ ಸಲವೂ ಮರುಕಳಿಸುವುದು.

ಆದುದರಿಂದಲೇ ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬ ನಿಯಮವಿದೆ. ಅದು ದಾರಿಯ ಕಾವಲುಗಾರ. ನಳದ ನೀರಿನ ಸಣ್ಣ ವಾಸನೆಗೆ ನಾವು ಮೂಗು ಮುರಿಯುತ್ತೇವೆ. ಆ ವಾಸನೆ ಇಲ್ಲದ ದಿನವೇ ಸಂಶಯಪಡಬೇಕು. ಕಾವಲು ತಪ್ಪಿದರೆ ಏನಾಗುವುದೆಂಬುದಕ್ಕೆ ದೂರದ ದೇಶಗಳ ಉದಾಹರಣೆ ಬೇಕಿಲ್ಲ. 2022ರ ಬೇಸಿಗೆಯಲ್ಲಿ ರಾಯಚೂರಿನಲ್ಲಿಯೂ, 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿಯೂ ಕಲುಷಿತ ನೀರು ಕುಡಿದು ಅನೇಕರು ಅಸ್ವಸ್ಥರಾದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು.

ಯಾವ ದೋಷಕ್ಕೆ ಯಾವ ಪರಿಹಾರ?

ಇದುವರೆಗೆ ಹೇಳಿದುದರಿಂದ ಒಂದು ಮಾತು ಸ್ಪಷ್ಟವಾಗುವುದು: ನೀರಿನ ದೋಷಗಳು ಒಂದೇ ಬಗೆಯವಲ್ಲ, ಅವುಗಳ ಪರಿಹಾರವೂ ಒಂದೇ ಅಲ್ಲ.

ಕುದಿಸುವುದು ರೋಗಾಣುಗಳಿಗೆ ಉತ್ತಮ ಮದ್ದು. ಸಮುದ್ರಮಟ್ಟಕ್ಕಿಂತ ಸುಮಾರು ಅರ್ಧ ಕಿಲೋಮೀಟರ್ ಎತ್ತರದ ಈ ಊರುಗಳಲ್ಲಿ ನೀರು ಸುಮಾರು 98 ಡಿಗ್ರಿಯಲ್ಲಿಯೇ ಕುದಿಯುವುದಾದರೂ, ಒಂದು ನಿಮಿಷ ಕೊತಕೊತನೆ ಕುದಿಸಿದರೆ ಸಾಕು. ಆದರೆ ಫ್ಲೋರೈಡಿಗೂ ನೈಟ್ರೇಟಿಗೂ ಕುದಿಸುವುದು ಮದ್ದಲ್ಲ. ಲೀಟರಿಗೆ 1.6 ಮಿಲಿಗ್ರಾಂ ಫ್ಲೋರೈಡ್ ಇರುವ 10 ಲೀಟರ್ ನೀರು ಕುದಿದು 8 ಲೀಟರಾದರೆ, ಫ್ಲೋರೈಡ್ ಲೀಟರಿಗೆ 2 ಮಿಲಿಗ್ರಾಂ ಆಗುವುದು. ಆರಿಹೋದದ್ದು ನೀರು ಮಾತ್ರ.

ಫ್ಲೋರೈಡನ್ನು ತೆಗೆಯಲು ಪಟಿಕ ಮತ್ತು ಸುಣ್ಣವನ್ನು ಬಳಸುವ 'ನಲ್ಗೊಂಡ ವಿಧಾನ'ವನ್ನು ನಾಗಪುರದ ರಾಷ್ಟ್ರೀಯ ಪರಿಸರ ಸಂಶೋಧನ ಸಂಸ್ಥೆಯು 1970ರ ದಶಕದಲ್ಲಿ ರೂಪಿಸಿತು. ಈಗ ಹಳ್ಳಿಗಳ ನೀರಿನ ಘಟಕಗಳಲ್ಲಿ ಹೆಚ್ಚಾಗಿ ಕಾಣುವುದು ಪ್ರತಿಪರಾಸರಣದ ಪರೆ. ಒತ್ತಡದಿಂದ ನೀರನ್ನು ಪರೆಯ ಆಚೆಗೆ ದೂಡಿದರೆ ಲವಣದ ಬಹುಭಾಗ ಈಚೆಗೆ ಉಳಿಯುವುದು. ಹೀಗೆ ಉಳಿದ ಸಾಂದ್ರವಾದ ನೀರು ಎಲ್ಲಿಗೆ ಹೋಗುತ್ತದೆಂಬುದನ್ನೂ, ಪರೆಯನ್ನು ಕಾಲಕ್ಕೆ ಸರಿಯಾಗಿ ಬದಲಿಸಲಾಗುತ್ತಿದೆಯೆ ಎಂಬುದನ್ನೂ ನಾವು ಕೇಳಬೇಕು. ಬಾವಿಯ ಪಕ್ಕದ ಇಂಗುಗುಂಡಿಗೆ ಅದನ್ನು ಬಿಟ್ಟರೆ, ತೆಗೆದ ದೋಷವನ್ನು ಅದೇ ಬಾವಿಗೆ ಹಿಂದಿರುಗಿಸಿದಂತಾಯಿತು.

ಬಟ್ಟೆಯಿಂದ ಸೋಸುವುದು ಬ್ಯಾಕ್ಟೀರಿಯಾಗಳನ್ನು ತಡೆಯಲಾರದು. ಅದರ ರಂಧ್ರಗಳು ಅವುಗಳಿಗೆ ಹೆಬ್ಬಾಗಿಲಿದ್ದಂತೆ. ಆದರೂ ಒಂದು ಭಯಂಕರ ರೋಗವನ್ನು ಗೆಲ್ಲಲು ಬಟ್ಟೆಯೇ ದೊಡ್ಡ ಸಹಾಯ ಮಾಡಿತು. ನಾರುಹುಣ್ಣಿನ ಮರಿಹುಳುಗಳು ಮೆಟ್ಟಿಲು ಬಾವಿಗಳ ನೀರಿನಲ್ಲಿರುವ, ಬರಿಗಣ್ಣಿಗೆ ಕಷ್ಟದಿಂದ ಕಾಣುವ ನೀರುಚಿಗಟಗಳೊಳಗೆ ವಾಸಿಸುತ್ತಿದ್ದುವು. ಆ ಚಿಗಟಗಳು ದಟ್ಟವಾದ ಬಟ್ಟೆಯಲ್ಲಿ ನಿಲ್ಲುತ್ತವೆ. ಲಸಿಕೆಯಾಗಲಿ ಔಷಧವಾಗಲಿ ಇಲ್ಲದಿದ್ದರೂ, ನೀರನ್ನು ಸೋಸಿ, ಬಾವಿಗೆ ಇಳಿಯುವುದನ್ನು ತಪ್ಪಿಸಿ, ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಿಂದ ಈ ರೋಗವನ್ನು ಓಡಿಸಲಾಯಿತು. ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ. 2000ದಲ್ಲಿ ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ಘೋಷಿತವಾಯಿತು. ಶತ್ರುವಿನ ಗಾತ್ರವನ್ನು ತಿಳಿದು ಹೂಡಿದ ಉಪಾಯವಾದ್ದರಿಂದ ಅದು ಫಲಿಸಿತು.

ವಿದ್ಯಾರ್ಥಿಗಳು ಮಾಡಿನೋಡಬಹುದಾದ ಪ್ರಯೋಗಗಳು

1. ಮಳೆಯ ನೀರು, ನಳದ ನೀರು, ಕೊಳವೆ ಬಾವಿಯ ನೀರು ಇವುಗಳನ್ನು ಸಮಪ್ರಮಾಣದಲ್ಲಿ ಮೂರು ಸೀಸೆಗಳಿಗೆ ತುಂಬಿ, ಸಾಬೂನಿನ ದ್ರಾವಣವನ್ನು ಹನಿಹನಿಯಾಗಿ ಹಾಕಿ ಕುಲುಕಿರಿ. ನಿಲ್ಲುವ ನೊರೆ ಬರಲು ಎಷ್ಟು ಹನಿ ಬೇಕಾಯಿತೆಂಬುದೇ ಗಡಸುತನದ ಅಳತೆ.

2. ಒಂದು ಲೋಟದಲ್ಲಿ ಯಂತ್ರದಿಂದ ಶುದ್ಧಿಗೊಳಿಸಿದ ನೀರು ತೆಗೆದುಕೊಂಡು, 9 ವೋಲ್ಟಿನ ಬ್ಯಾಟರಿಗೆ ತಂತಿಯಿಂದ ಜೋಡಿಸಿದ ಎರಡು ಕಬ್ಬಿಣದ ಮೊಳೆಗಳನ್ನು ಅದ್ದಿ ನೋಡಿರಿ. ಅನಂತರ ಚಿಟಿಕೆ ಉಪ್ಪು ಹಾಕಿ ನೋಡಿರಿ. ಮನೆಯ ವಿದ್ಯುತ್ತನ್ನು ಈ ಪ್ರಯೋಗಕ್ಕೆ ಎಂದಿಗೂ ಬಳಸಕೂಡದು.

3. ಕ್ಲೋರಿನ್ ಪರೀಕ್ಷೆಯ ಪೆಟ್ಟಿಗೆ ದೊರೆತರೆ, ನಳದಲ್ಲಿ ನೀರು ಬಂದೊಡನೆಯೂ ಅರ್ಧ ಗಂಟೆಯ ಅನಂತರವೂ ಅಳೆದು ತಿಂಗಳುಗಟ್ಟಲೆ ಬರೆದಿಡಿರಿ. ಊರಿನ ಎತ್ತರದ ಓಣಿಗೂ ತಗ್ಗಿನ ಓಣಿಗೂ ಇರುವ ವ್ಯತ್ಯಾಸವನ್ನು ಗಮನಿಸಿರಿ.

4. ಮಲದ ಕಶ್ಮಲ ಸೇರಿದ ನೀರನ್ನು ಕಪ್ಪಾಗಿಸುವ ಸೀಸೆಯ ಪರೀಕ್ಷೆಯನ್ನು ಭಾರತೀಯ ವಿಜ್ಞಾನಿಗಳೇ 1982ರಲ್ಲಿ ಪ್ರಕಟಿಸಿದರು. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಫಲ ಕಾಣುವುದು. ಅಧ್ಯಾಪಕರ ಸಮಕ್ಷಮದಲ್ಲಿ ಇದನ್ನು ಮಾಡಬಹುದು.

ಫ್ಲೋರೈಡ್ ಮತ್ತು ನೈಟ್ರೇಟುಗಳಿಗಾಗಿ ಮಾತ್ರ ನೀರನ್ನು ಸರಕಾರದ ಪ್ರಯೋಗಶಾಲೆಗೆ ಕಳುಹಿಸಬೇಕು. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆಯಂತೆ ಹಳ್ಳಿಗಳಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡುವ ಏರ್ಪಾಡೂ ಇದೆ. ಪರೀಕ್ಷೆಯ ಫಲವನ್ನು ಕೇಳಿ ಪಡೆಯುವುದು ಕುಡಿಯುವವರ ಹಕ್ಕು. ಬಾವಿಯ ಕಟ್ಟೆಯ ಮೇಲೆ 'ಸಿಹಿನೀರು' ಎಂದು ಬರೆಯುವ ಬದಲು ಫ್ಲೋರೈಡ್ ಇಷ್ಟು, ನೈಟ್ರೇಟ್ ಇಷ್ಟು, ಪರೀಕ್ಷಿಸಿದ ದಿನ ಇದು ಎಂದು ಬರೆದ ದಿನ, ಆ ಊರಿನ ಮಕ್ಕಳ ಹಲ್ಲುಗಳೂ ಎಲುಬುಗಳೂ ನಾಲಗೆಯ ತೀರ್ಪಿಗೆ ಒಳಗಾಗುವುದು ತಪ್ಪುವುದು.