ಬೈಬಲ್ ಹೆಸರುಗಳ ಕಾಗುಣಿತ: ಹೀಬ್ರೂನಿಂದ ಇಂಗ್ಲಿಷ್‌ಗೆ

- ಸೆಪ್ಟುವಜಿಂಟ್: ಹೀಬ್ರೂ ಬೈಬಲಿನ ಗ್ರೀಕ್ ಅನುವಾದ, ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಆರಂಭ. ಗ್ರೀಕ್‌ನಲ್ಲಿ 'ಶ್' ಧ್ವನಿಯಿಲ್ಲ. ಪುರುಷನಾಮಗಳಿಗೆ ಸಾಮಾನ್ಯವಾಗಿ 'ಸ್' ಅಂತ್ಯ. ಹೀಗಾಗಿ ಹೀಬ್ರೂ ಹೆಸರು ಯೇಶೂವ (ಜೀಸಸ್) 'ಈಸೂಸ್' ಆಯಿತು.
- ವಲ್ಗೇಟ್: ಲ್ಯಾಟಿನ್ ಬೈಬಲ್. ಪ್ರಮುಖ ಅನುವಾದಕ ಸಂತ ಜೆರೋಮ್. 382ರ ಸುಮಾರಿಗೆ ಪೋಪ್ ಒಂದನೇ ಡಮಾಸಸ್ ಸೂಚನೆಯಂತೆ ಕೆಲಸ ಆರಂಭ. ಅದೇ ಹೆಸರಿನ ಲ್ಯಾಟಿನ್ ರೂಪ: 'ಯೇಸುಸ್'.
- ಟಿಂಡೇಲ್ (1526): ಹೊಸ ಒಡಂಬಡಿಕೆಯನ್ನು ಮೂಲ ಗ್ರೀಕ್‌ನಿಂದ ಇಂಗ್ಲಿಷ್‌ಗೆ ತಂದು ಮುದ್ರಿಸಿದವರು.
- ಕಿಂಗ್ ಜೇಮ್ಸ್ ಆವೃತ್ತಿ (1611): ಮೊದಲ ಮುದ್ರಣದಲ್ಲಿ 'ಜೆ' ಬದಲು 'ಐ' ಅಕ್ಷರ. ಹಳೆ ಒಡಂಬಡಿಕೆಯಲ್ಲಿ ಹೀಬ್ರೂಗೆ ಹತ್ತಿರದ ರೂಪ, ಹೊಸದರಲ್ಲಿ ಗ್ರೀಕ್ ಮೂಲದ ರೂಪ.

ಹೊಂದಿಸಿ ನೆನಪಿಡಿ (ಹಳೆ – ಹೊಸ ಒಡಂಬಡಿಕೆ): ಐಸಾಯಾ – ಎಸಾಯಾಸ್, ಎಲೈಜಾ – ಎಲಿಯಾಸ್, ನೋವಾ – ನೋಯೆ.

ಗಮನಿಸಿ: ಜೋಶುವಾ, ಜೀಸಸ್ ಎರಡರ ಮೂಲವೂ ಒಂದೇ ಹೀಬ್ರೂ ಹೆಸರು. ಕನ್ನಡ ಬೈಬಲಿನಲ್ಲಿ ಇವು ಯೆಹೋಶುವ, ಯೇಸು.