ಕಪ್ಪು ಕಾಯಿಗೆ ಒಂದು ನಂಬಿಕೆಯ ದಾರಿ

ನಮ್ಮ ವಾಚನಾಲಯದ ಚದುರಂಗದ ಮೇಜಿಗೆ ಬರುವ ಹುಡುಗರು ಸಿಸಿಲಿಯನ್ ರಕ್ಷಣೆಯ ಇಪ್ಪತ್ತು ನಡೆಗಳನ್ನು ಬಾಯಿಪಾಠ ಒಪ್ಪಿಸಬಲ್ಲರು. ಆದರೆ ಎದುರಾಳಿ ಎರಡನೆಯ ನಡೆಯಲ್ಲಿಯೇ ಬೇರೆ ದಾರಿ ಹಿಡಿದರೆ ಕೈ ಕಟ್ಟಿದಂತಾಗುತ್ತದೆ. ನಾಲ್ಕು ಸಲ ಹೀಗೆ ಸೋತವನು ಐದನೆಯ ಸಲ ಮೇಜಿನ ಬಳಿಗೇ ಬರುವುದಿಲ್ಲ. ಈ ಮಾತನ್ನು ಅನುಭವದಿಂದಲೇ ಬರೆಯುತ್ತಿದ್ದೇನೆ. ಕೆಲಸ ಮುಗಿಸಿ ಬಂದು ಒಂದು ಗಂಟೆ ಆಡುವವರಿಗೆ ಬೇಕಾದುದು ದೊಡ್ಡ ಪಾಠವಲ್ಲ, ಕಾರಣ ತಿಳಿದ ಸಣ್ಣ ಪಾಠ. ಅಂಥದೊಂದನ್ನು ಇಲ್ಲಿ ಕೊಟ್ಟಿದೆ. ಮಣೆಯನ್ನು ಮುಂದಿಟ್ಟುಕೊಂಡು ಓದಬೇಕು.

ಮೊದಲು ಗುರುತುಗಳು. ಬಿಳಿಯವನ ಎಡದಿಂದ ಬಲಕ್ಕೆ ಎ, ಬಿ, ಸಿ ಎಂದು ಎಚ್ ವರೆಗೆ ಎಂಟು ಕಂಬಸಾಲುಗಳು. ಅವನ ಕಡೆಯಿಂದ 1 ಮೊದಲ್ಗೊಂಡು 8ರ ವರೆಗೆ ಅಡ್ಡಸಾಲುಗಳು. ಮೂಲೆಯ ಕಾಯಿಯನ್ನು ಆನೆಯೆಂದೂ ಓರೆಯಾಗಿ ನಡೆಯುವುದನ್ನು ಒಂಟೆಯೆಂದೂ ಕರೆದಿದೆ. ಬರಿಯ ಮನೆಯ ಹೆಸರಿದ್ದರೆ ಅದು ಕಾಲಾಳಿನ ನಡೆ. ಊರಿನ ಹಳೆಯ ಪದ್ಧತಿಯಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ; ಇಲ್ಲಿ ಎರಡು ಮನೆ ಹಾರಬಹುದು.

ಬಿಳಿ ಇ4 ಆಡಿದಾಗ ಕಪ್ಪು ಸಿ5 ಆಡುವುದೇ ಸಿಸಿಲಿಯನ್ ರಕ್ಷಣೆ. ಸಿಸಿಲಿ ದ್ವೀಪದ ಪಿಯೆತ್ರೋ ಕರೇರಾ ಎಂಬ ಪಾದ್ರಿ 1617ರಲ್ಲಿ ಬರೆದ ಗ್ರಂಥದಲ್ಲಿ ಈ ನಡೆಯ ಪ್ರಸ್ತಾಪವಿದೆ. ಇದರ ಗುಟ್ಟು ಸರಳ. ಬಿಳಿಯವನು ಡಿ4 ನೂಕಿದರೆ ನಾವು ಹೊಡೆಯುತ್ತೇವೆ. ಬದಿಯ ಕಾಲಾಳನ್ನು ಕೊಟ್ಟು ನಡುವಿನ ಕಾಲಾಳನ್ನು ಪಡೆದಂತಾಯಿತು. ಮೇಲಾಗಿ ಸಿ ಸಾಲು ನಮ್ಮ ಆನೆಗೆ ತೆರೆಯಿತು.

ಈ ರಕ್ಷಣೆಗೆ ಕವಲುಗಳು ಬಹಳ. ನಜ್ಡಾರ್ಫ್, ಡ್ರ್ಯಾಗನ್ ಮುಂತಾದವುಗಳಲ್ಲಿ ಒಂದು ನಡೆ ಮರೆತರೂ ರಾಜನಿಗೆ ಕುತ್ತು. ಸೋವಿಯತ್ ಆಟಗಾರ ಇಲ್ಯಾ ಕಾನ್ ಅವರ ಹೆಸರಿನ ಕವಲು ನಮ್ಮಂಥವರಿಗೆ ಒಗ್ಗುತ್ತದೆ:

1. ಇ4 – ಸಿ5. 2. ಕುದುರೆ ಎಫ್3 – ಇ6. 3. ಡಿ4 – ಸಿ ಕಾಲಾಳು ಡಿ4ರಲ್ಲಿ ಹೊಡೆಯುತ್ತದೆ. 4. ಕುದುರೆ ಡಿ4ರಲ್ಲಿ ಹೊಡೆಯುತ್ತದೆ – ಎ6.

ಎ6 ಏಕೆ? ಬಿಳಿಯ ಕುದುರೆಯಾಗಲಿ ಒಂಟೆಯಾಗಲಿ ಬಿ5ಕ್ಕೆ ಬರಬಾರದೆಂದು. ಈಗ 5. ಕುದುರೆ ಸಿ3 ಬಂದರೆ ನಮ್ಮ ಉತ್ತರ ಮಂತ್ರಿ ಸಿ7. ಅವಸರಪಟ್ಟು ಕುದುರೆಯನ್ನು ಎಫ್6ಕ್ಕೆ ತಂದರೆ ಬಿಳಿ ಇ5 ನೂಕುತ್ತದೆ. ಕುದುರೆ ಡಿ5ಕ್ಕೆ ಹೋದರೆ ಅಲ್ಲಿ ಅದನ್ನು ಹೊಡೆದು, ನಮ್ಮ ಕಾಲಾಳುಗಳೆರಡನ್ನು ಒಂದೇ ಸಾಲಿನಲ್ಲಿ ಹಿಂದುಮುಂದಾಗಿ ನಿಲ್ಲಿಸುತ್ತದೆ. ಮಂತ್ರಿ ಮೊದಲೇ ಸಿ7ರಲ್ಲಿದ್ದರೆ ಲೆಕ್ಕ ಬದಲಾಗುತ್ತದೆ: 6. ಒಂಟೆ ಡಿ3 – ಕುದುರೆ ಎಫ್6. 7. ಇ5 ಎಂದರೆ ಮಂತ್ರಿ ಆ ಕಾಲಾಳನ್ನು ಚೆಕ್ ಸಹಿತ ಹೊಡೆಯುತ್ತದೆ. ಎರಡು ನಡೆಗಳ ಕ್ರಮದಲ್ಲಿ ಇಷ್ಟು ಅಂತರ!

ಆಮೇಲೆ ಡಿ6, ಒಂಟೆ ಇ7, ಕ್ಯಾಸಲಿಂಗ್. ರಾಜ ಭದ್ರನಾದ ಮೇಲೆ ಬಿ5, ಒಂಟೆ ಬಿ7. ಬಿಳಿ 5. ಸಿ4 ಆಡಿದರೆ ಕುದುರೆ ಎಫ್6, ಅದರ ಹಿಂದೆಯೇ ಮಂತ್ರಿ ಸಿ7. ಆಗ ಬಿ5ರ ಆಸೆ ಬಿಟ್ಟು ಬಿ6 ಆಡಿ ಒಂಟೆಯನ್ನು ಬಿ7ರಲ್ಲಿ ನಿಲ್ಲಿಸಬೇಕು.

ಇನ್ನು ಎರಡನೆಯ ನಡೆಯಲ್ಲಿಯೇ ದಾರಿ ತಪ್ಪಿಸುವವರು. 2. ಸಿ3 ಬಂದರೆ ಕುದುರೆ ಎಫ್6, 3. ಇ5 – ಕುದುರೆ ಡಿ5, 4. ಡಿ4 – ಹೊಡೆತ, 5. ಮರುಹೊಡೆತ. ಕಾಲಾಳನ್ನು ಬಲಿಕೊಡುವ ಮೋರಾ ದಾಳಿಯಲ್ಲಿ, ಎಂದರೆ 2. ಡಿ4 – ಹೊಡೆತ, 3. ಸಿ3 ಬಂದಾಗಲೂ ಅದೇ ಕುದುರೆ ಎಫ್6 ಆಡಿರಿ. 4. ಇ5 – ಕುದುರೆ ಡಿ5, 5. ಸಿ ಕಾಲಾಳಿನ ಹೊಡೆತವಾದ ಮೇಲೆ ಮಣೆಯನ್ನು ನೋಡಿದರೆ ಹಿಂದಿನ ಸ್ಥಿತಿಯೇ ಬಂದಿರುತ್ತದೆ. ಎರಡು ಪ್ರಶ್ನೆಗೆ ಒಂದೇ ಉತ್ತರ. ಮುಂದೆ ಡಿ6 ನೂಕಿ ಇ5ರ ಕಾಲಾಳನ್ನು ಕೆಣಕಬೇಕು. 2. ಕುದುರೆ ಸಿ3 ಬಂದರೆ ಇ6. ಬಳಿಕ ಬಿಳಿ ಜಿ3 ಅಥವಾ ಎಫ್4 ಆಡಿದರೆ ಹಿಂಜರಿಯದೆ ಡಿ5.

ಈ ದಾರಿಗೂ ಕೊರತೆಯಿದೆ. ನಮ್ಮ ಕಾಯಿಗಳು ಹೊರಬರುವುದು ನಿಧಾನ, ಮತ್ತು ಡಿ6ರ ಮನೆ ದುರ್ಬಲ. ಅದನ್ನು ಮರೆತು ದಾಳಿಗೆ ಹೊರಟರೆ ಶಿಕ್ಷೆ ತಪ್ಪದು.

ಒಂದು ಸೋಲಿಗೆ ದಾರಿಯನ್ನು ಬಿಡಬೇಡಿರಿ. 1995ರಲ್ಲಿ ನ್ಯೂಯಾರ್ಕಿನ ವಿಶ್ವಪಟ್ಟದ ಪಂದ್ಯದಲ್ಲಿ ಮೊದಲ ಎಂಟು ಆಟಗಳು ಸಮವಾದ ಮೇಲೆ ಒಂಬತ್ತನೆಯದರಲ್ಲಿ ನಮ್ಮ ವಿಶ್ವನಾಥನ್ ಆನಂದ್ ಕಾಸ್ಪರೋವ್ ಅವರ ಸಿಸಿಲಿಯನ್ನನ್ನು ಮುರಿದರು. ಕಾಸ್ಪರೋವ್ ಸಿಸಿಲಿಯನ್ ಬಿಡಲಿಲ್ಲ. ಹನ್ನೊಂದನೆಯ ಆಟದಲ್ಲಿ ಅದರದೇ ಡ್ರ್ಯಾಗನ್ ಕವಲನ್ನು ಆಡಿ ಗೆದ್ದರು, ಪಂದ್ಯವನ್ನೂ ಗೆದ್ದರು. ಸೋತ ಆನಂದರೂ ಆಟ ಬಿಡಲಿಲ್ಲ. 2000ದಲ್ಲಿ ಇದೇ ನಮ್ಮ ದೆಹಲಿಯಲ್ಲಿ ಸುತ್ತು ಸುತ್ತಾಗಿ ಗೆದ್ದು, ತೆಹರಾನಿನ ಅಂತಿಮ ಪಂದ್ಯದಲ್ಲಿ ವಿಶ್ವಪಟ್ಟವನ್ನು ಪಡೆದರು. ಅಂಥವರು ಎರಡು ಮೂರು ಕವಲುಗಳನ್ನು ಸಾಕಬಲ್ಲರು. ನಮಗೆ ಒಂದು ಸಾಕು.

ಸೋತ ಆಟವನ್ನು ಅಂದೇ ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ತಪ್ಪಿದ ನಡೆಯ ಎದುರಿಗೆ ತಪ್ಪಿದ ಕಾರಣವನ್ನೂ ಬರೆಯಿರಿ. ಇಪ್ಪತ್ತು ಆಟಗಳಾದ ಮೇಲೆ ಆ ಪುಸ್ತಕವೇ ನಿಮಗೆ ಗುರುವಾಗುತ್ತದೆ. ಮಣೆ ಮೇಜಿನ ಮೇಲೆಯೇ ಇರುತ್ತದೆ. ಬನ್ನಿರಿ, ಕಪ್ಪು ಕಾಯಿಗಳನ್ನು ಕೇಳಿ ತೆಗೆದುಕೊಳ್ಳಿರಿ.