ಮಗು ದಡ್ಡ ಅನ್ನುವ ಮೊದಲು



ನಮ್ಮ ಶಿಕಾರಿಪುರ, ಸೊರಬ ಕಡೆ ಮನೇಲಿ ಲಂಬಾಣಿ, ಉರ್ದು ಆಡುವ ಮಕ್ಕಳಿಗೆ ಶಾಲೆಯ ಕನ್ನಡವೇ ಎರಡನೇ ಭಾಷೆ. ಅದರ ಮೇಲೆ ಇಂಗ್ಲಿಷ್ ಬೇರೆ. ಮನೇಲಿ ಚೆನ್ನಾಗಿ ಕಥೆ ಹೇಳುವ ತಾಂಡಾದ ಮಗು ಶಾಲೇಲಿ ಬಾಯಿ ಬಿಡದಿದ್ದರೆ ಅದಕ್ಕೆ ಬೇಕಾಗಿರೋದು ಸಮಯ.

ಆದರೆ ಎರಡು ಮೂರು ವರ್ಷ ತಪ್ಪದೆ ಶಾಲೆಗೆ ಹೋದರೂ, ಮಾತಿನಲ್ಲಿ ಚುರುಕಿದ್ದರೂ, ಕಾಗುಣಿತ, ಒತ್ತಕ್ಷರ ಹತ್ತುತ್ತಿಲ್ಲವೇ? ನಿನ್ನೆ ಓದಿದ ಪದ ಇವತ್ತು ಹೊಸದಾಗಿ ಕಾಣುತ್ತದೆಯೇ? ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಅವು ಸರಿ ಇದ್ದರೆ ಕಲಿಕಾ ನ್ಯೂನತೆ ಇರಬಹುದು. ಕನ್ನಡ ಮನೆಮಾತಿನ ಮಕ್ಕಳಿಗೂ ಇದು ಬರುತ್ತೆ. ಹೊಡೆದರೆ ಹೋಗೋದಿಲ್ಲ.

"ಮನೇಲಿ ಲಂಬಾಣಿ ಬಿಡಿ" ಅಂತ ಕೆಲವರು ಬುದ್ಧಿ ಹೇಳ್ತಾರೆ. ಬಿಡಬೇಡಿ. ಎರಡು ಭಾಷೆ ಆಡೋದರಿಂದ ಈ ತೊಂದರೆ ಬರೋದಿಲ್ಲ. ಮನೆಮಾತು ನಿಂತರೆ ಅಜ್ಜಿ ಜೊತೆಗಿನ ಮಾತೂ ಹೋಯ್ತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ವಿಧಗಳಲ್ಲಿ ಇದೂ ಸೇರಿದೆ. ಪ್ರಮಾಣಪತ್ರ ಇದ್ದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹೆಚ್ಚಿನ ಸಮಯ ಕೇಳಬಹುದು. ತರಗತಿಯ ಶಿಕ್ಷಕರನ್ನೂ, ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರವನ್ನೂ (ಬಿ.ಆರ್.ಸಿ.) ವಿಚಾರಿಸಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಸಂಘದ ಇನ್ನೊಬ್ಬ ಅಕ್ಕನನ್ನು ಕರ್ಕೊಂಡು ಹೋಗಿ. ಮಗುವಿನ ನೋಟ್ ಪುಸ್ತಕ ಜೊತೇಲಿರಲಿ.